ಒಲೆ ಮುಂದೆ ನಿಂತ ಹೊಸಬರಿಗೆ ಎಂಥ ಆ್ಯಪ್ ಬೇಕು? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪತ್ರಗಳಲ್ಲಿ ಜಾಸ್ತಿ ಬಂದದ್ದು ಒಂದೇ ವಿಷಯ. ಅಡುಗೆಯ ಗಂಧವೇ ಇಲ್ಲದವರಿಗೆ ಅಡುಗೆ ಕಲಿಸುವ ಆ್ಯಪ್ ಹೇಗಿರಬೇಕು ಅಂತ. ಆ್ಯಪ್ ಮಾಡುತ್ತಿರುವವರೂ ಬರೆದಿದ್ದಾರೆ, ಬಳಸಿ ಬೇಸತ್ತವರೂ ಬರೆದಿದ್ದಾರೆ. ನಾನು ಮೊದಲು ಹೊಸಬರಿಗೆ ಅಡುಗೆ ತರಗತಿ ನಡೆಸುತ್ತಿದ್ದವಳು. ಈಗ ಆ್ಯಪ್‌ಗಳ ವಿನ್ಯಾಸ ಮಾಡುತ್ತೇನೆ. ಹಾಗಾಗಿ ಈ ಪತ್ರಗಳನ್ನು ತುಂಬ ಆಸೆಯಿಂದ ಓದಿದೆ.

ಪ್ರಶ್ನೆ: ನಾವು ಮೂವರು ಗೆಳೆಯರು ಸೇರಿ ಅಡುಗೆ ಆ್ಯಪ್ ಮಾಡುತ್ತಿದ್ದೇವೆ. ಮೊದಲ ಸಲ ತೆರೆದಾಗ ಒಂದು ಕ್ವಿಜ್ ಬರುತ್ತದೆ. ನೀವು ನೋಡಿ ಕಲಿಯುವವರೋ, ಕೇಳಿ ಕಲಿಯುವವರೋ, ಓದಿ ಕಲಿಯುವವರೋ, ಮಾಡಿ ಕಲಿಯುವವರೋ ಎಂದು ಅದು ಗುರುತಿಸುತ್ತದೆ. ಆಮೇಲೆ ಅವರವರಿಗೆ ಆ ಬಗೆಯ ಪಾಠ ಮಾತ್ರ ತೋರಿಸುವ ಯೋಚನೆ. ಇದು ಸರಿಯೇ?
(ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್)

ಕ್ವಿಜ್ ಬಿಟ್ಟುಬಿಡಿ. ನಿಮ್ಮ ಉತ್ಸಾಹ ಕುಗ್ಗಿಸಲು ಹೇಳುತ್ತಿಲ್ಲ. ಕಾರಣ ಹೇಳುತ್ತೇನೆ, ಕೇಳಿ.

ನೀವು ಹೇಳುವ ನಾಲ್ಕು ಬಗೆಗಳು 'ವಾರ್ಕ್' ಎಂಬ ಮಾದರಿಯಿಂದ ಬಂದವು. ನೀಲ್ ಫ್ಲೆಮಿಂಗ್ ಮತ್ತು ಕಾಲೀನ್ ಮಿಲ್ಸ್ 1992ರಲ್ಲಿ ಇದರ ಬಗ್ಗೆ ಲೇಖನ ಬರೆದರು. ಕಲಿಯುವವರು ತಮ್ಮ ಅಭ್ಯಾಸದ ಬಗ್ಗೆ ತಾವೇ ಯೋಚಿಸಲಿ ಎನ್ನುವುದು ಅವರ ಆಸೆಯಾಗಿತ್ತು. ಆಮೇಲೆ ಅದು ಜನರಿಗೆ ಅಂಟಿಸುವ ಚೀಟಿಯಾಯಿತು. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಮೂವರು ಮನಃಶಾಸ್ತ್ರಜ್ಞರು ಈ ಬಗೆಯ ಸಂಶೋಧನೆಗಳನ್ನು ತಿರುವಿ ನೋಡಿದರು. ಅವರು ಹುಡುಕಿದ್ದು ಒಂದೇ ಸಾಕ್ಷಿ. 'ನೋಡಿ ಕಲಿಯುವವರು' ಎನಿಸಿಕೊಂಡವರು ಚಿತ್ರದ ಪಾಠದಿಂದ, 'ಕೇಳಿ ಕಲಿಯುವವರು' ಮಾತಿನ ಪಾಠದಿಂದ ನಿಜಕ್ಕೂ ಹೆಚ್ಚು ಕಲಿಯುತ್ತಾರೆಯೇ? ಹಾಗೆ ಸರಿಯಾಗಿ ಪರೀಕ್ಷಿಸಿದ ಅಧ್ಯಯನಗಳೇ ತೀರಾ ಕಡಿಮೆ ಇದ್ದವು. ಪರೀಕ್ಷಿಸಿದ ಕೆಲವು ಈ ನಂಬಿಕೆಗೆ ತದ್ವಿರುದ್ಧ ಫಲ ಕೊಟ್ಟಿದ್ದವು. ಶಾಲೆಗಳಲ್ಲಿ ಇದನ್ನು ಅಳವಡಿಸಲು ಸಾಕಷ್ಟು ಆಧಾರವಿಲ್ಲ ಎಂದು ಅವರು ಬರೆದರು.

ಇಷ್ಟ ಬೇರೆ, ಕಲಿಕೆ ಬೇರೆ. ಒಬ್ಬರಿಗೆ ವಿಡಿಯೊ ಇಷ್ಟ, ಇನ್ನೊಬ್ಬರಿಗೆ ಬರಹ ಇಷ್ಟ. ಅದನ್ನು ಗೌರವಿಸಬೇಕು, ಆಯ್ಕೆ ಕೊಡಬೇಕು. ಆದರೆ ಬರಹ ಇಷ್ಟಪಡುವವರಿಗೆ ಚಾಕು ಹಿಡಿಯುವ ರೀತಿಯನ್ನೂ ಬರಹದಲ್ಲೇ ಕೊಟ್ಟರೆ ಏನಾಗುತ್ತದೆ? 'ಬೆರಳ ತುದಿಗಳನ್ನು ಒಳಕ್ಕೆ ಮಡಚಿ, ಗೆಣ್ಣು ಚಾಕುವಿನ ಬದಿಗೆ ತಾಗುವಂತೆ ಇಡಿ' ಎಂದು ಓದಿ ನೋಡಿ. ಸರಿಯಾದ ಮಾತೇ. ಆದರೂ ಕೈ ಎಲ್ಲಿಡಬೇಕು ಅಂತ ಎರಡು ಸಲ ಯೋಚಿಸಬೇಕಾಗುತ್ತದೆ. ನಾಲ್ಕು ಸೆಕೆಂಡಿನ ಚಿತ್ರ ತೋರಿಸಿದರೆ ಮುಗಿಯಿತು. ಅದೇ ರೀತಿ, ಪದಾರ್ಥಗಳ ಪಟ್ಟಿಯನ್ನು ವಿಡಿಯೊದಲ್ಲಿ ಒಂದೊಂದಾಗಿ ಹೇಳಿದರೆ ಯಾರಿಗೂ ಉಪಯೋಗವಿಲ್ಲ. ಪಟ್ಟಿ ಅಂದಮೇಲೆ ಕಣ್ಣಿಗೆ ಒಟ್ಟಿಗೆ ಕಾಣಬೇಕು.

ಅಂದರೆ, ಯಾವ ಬಗೆ ಬೇಕು ಎನ್ನುವುದನ್ನು ತೀರ್ಮಾನಿಸುವುದು ಆ ಹೊತ್ತಿನ ಕೆಲಸ. ಸಾಮಾನು ತರಲು ಹೊರಟಾಗ ಪಟ್ಟಿ ಬೇಕು. ಹೆಚ್ಚುವಾಗ ಕೈಯ ಚಿತ್ರ ಬೇಕು. ಕೈಗೆ ಎಣ್ಣೆ ಮೆತ್ತಿಕೊಂಡು ಒಲೆ ಮುಂದೆ ನಿಂತಾಗ ದನಿ ಬೇಕು. ಬಾಣಲೆಯೊಳಗೆ ಏನೋ ಬಣ್ಣ ತಿರುಗುತ್ತಿರುವಾಗ, ಅದು ಸರಿಯೋ ತಪ್ಪೋ ತಿಳಿಯಲು ಒಂದು ಫೋಟೊ ಬೇಕು. ಈ ನಾಲ್ಕೂ ಬೇಕಾಗುವುದು ಒಬ್ಬರಿಗೇ, ಒಂದೇ ಗಂಟೆಯಲ್ಲಿ. ನಿಮ್ಮ ಕ್ವಿಜ್ ಇವುಗಳಲ್ಲಿ ಮೂರನ್ನು ಅವರಿಂದ ಮುಚ್ಚಿಟ್ಟುಬಿಡುತ್ತದೆ.

ನನ್ನ ತರಗತಿಗೆ ಒಬ್ಬ ಹುಡುಗ ಬರುತ್ತಿದ್ದ. ಯಾವ ರೆಸಿಪಿ ಕೇಳಿದರೂ ಮೊದಲಿನಿಂದ ಕೊನೆಯವರೆಗೆ ಒಪ್ಪಿಸುತ್ತಿದ್ದ. ಓದಿ ಕಲಿಯುವವನು ಎಂದು ತನ್ನನ್ನು ತಾನೇ ಕರೆದುಕೊಳ್ಳುತ್ತಿದ್ದ. ಈರುಳ್ಳಿ ಮಾತ್ರ ಮಣೆಯ ಮೇಲೆ ಉರುಳಾಡುತ್ತಿತ್ತು. ಮೊದಲು ಎರಡು ಹೋಳು ಮಾಡಿ, ಕತ್ತರಿಸಿದ ಮೈಯನ್ನು ಕೆಳಗೆ ಮಾಡಿ ಇಟ್ಟರೆ ಅದು ಜಾರುವುದಿಲ್ಲ. ಅವನ ಪಕ್ಕ ನಿಂತು ಒಂದು ಸಲ ತೋರಿಸಿದೆ. ಮತ್ತೆ ಅದನ್ನು ಹೇಳಬೇಕಾಗಲಿಲ್ಲ. ಅವನಿಗೆ ಓದುವುದು ಇಷ್ಟ ಎನ್ನುವುದೂ ನಿಜ, ಈರುಳ್ಳಿಗೆ ಅದು ಸಾಲದು ಎನ್ನುವುದೂ ನಿಜ.

ಕ್ವಿಜ್ ಇಡಲೇಬೇಕು ಅನಿಸಿದರೆ ಬೇರೆ ವಿಷಯ ಕೇಳಿ. ಒಲೆ ಯಾವುದು, ಗ್ಯಾಸೋ ಇಂಡಕ್ಷನ್ನೋ? ತೂಕದ ಯಂತ್ರ ಇದೆಯೇ? ಯಾವುದಾದರೂ ಆಹಾರ ಅಲರ್ಜಿ ಇದೆಯೇ? ಅಕ್ಷರ ದೊಡ್ಡದಾಗಿ ಬೇಕೇ? ಈ ಉತ್ತರಗಳಿಂದ ಪಾಠ ನಿಜಕ್ಕೂ ಬದಲಾಗುತ್ತದೆ.

ಪ್ರಶ್ನೆ: ನಿವೃತ್ತರಾದ ಮೇಲೆ ನಮ್ಮ ಅಪ್ಪನಿಗೆ ಅಡುಗೆ ಕಲಿಯುವ ಮನಸ್ಸಾಗಿದೆ. ವಿಡಿಯೊ ಹಾಕಿಕೊಂಡು ನಿಲ್ಲುತ್ತಾರೆ. ಅದು ಮುಂದೆ ಓಡಿಬಿಡುತ್ತದೆ, ಇವರು ಹಿಂದೆ ಉಳಿಯುತ್ತಾರೆ. 'ನನ್ನ ತಲೆಗೆ ಹತ್ತಲ್ಲಮ್ಮ' ಎಂದು ಬಿಟ್ಟುಬಿಡುತ್ತಾರೆ. ಅವರಿಗೆ ವಿಡಿಯೊ ಆಗುವುದಿಲ್ಲವೇ?
(ಮಗಳು)

ಅಪ್ಪನ ತಲೆಯಲ್ಲಿ ಯಾವ ತೊಂದರೆಯೂ ಇಲ್ಲ. ಇದನ್ನು ಅವರಿಗೆ ಮೊದಲು ಹೇಳಿ, ದಯವಿಟ್ಟು.

ಹೊಸ ವಿಷಯ ಕಲಿಯುವಾಗ ಮನಸ್ಸು ಒಂದೇ ಹೊತ್ತಿಗೆ ಹಿಡಿದಿಟ್ಟುಕೊಳ್ಳುವುದು ತೀರಾ ಕಡಿಮೆ. ಮನಃಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಅದನ್ನು ಸುಮಾರು 7 ಸಂಗತಿ ಎಂದಿದ್ದರು. ಇನ್ನೊಬ್ಬ ಮನಃಶಾಸ್ತ್ರಜ್ಞ ನೆಲ್ಸನ್ ಕೋವನ್ 2001ರಲ್ಲಿ ಸುಮಾರು 4 ಎಂದರು. ಪಳಗಿದವರಿಗೆ 'ಈರುಳ್ಳಿ ಹೆಚ್ಚಿ ಬಾಡಿಸಿ' ಎನ್ನುವುದು ಒಂದೇ ಸಂಗತಿ. ನಿಮ್ಮ ಅಪ್ಪನಿಗೆ ಅದೇ ಮಾತು ಹತ್ತು ಸಂಗತಿ. ಯಾವ ಚಾಕು, ಸಿಪ್ಪೆ ಎಷ್ಟು ತೆಗೆಯಬೇಕು, ಎಷ್ಟು ಸಣ್ಣಗೆ, ಬಾಣಲೆ ಯಾವಾಗ ಇಡಬೇಕು, ಎಣ್ಣೆ ಕಾದಿದೆ ಅಂತ ಹೇಗೆ ಗೊತ್ತಾಗಬೇಕು, ಹೀಗೆ. ಅಷ್ಟರಲ್ಲಿ ವಿಡಿಯೊ ಮುಂದಿನ ಮೂರು ಹಂತ ದಾಟಿರುತ್ತದೆ.

ಚಿತ್ರ ಮತ್ತು ಮಾತು ಸೇರಿಸಿ ಕಲಿಸುವುದರ ಬಗ್ಗೆ ರಿಚರ್ಡ್ ಮೇಯರ್ ಎಂಬ ಮನಃಶಾಸ್ತ್ರಜ್ಞ ದಶಕಗಳ ಕಾಲ ಪ್ರಯೋಗ ಮಾಡಿದ್ದಾರೆ. ಅವರು ಕಂಡುಕೊಂಡದ್ದರಲ್ಲಿ ಅಡುಗೆಗೆ ಬಹಳ ಒದಗುವುದು ಇದು: ಪಾಠವನ್ನು ತುಂಡು ಮಾಡಿ, ಮುಂದಿನ ತುಂಡಿಗೆ ಹೋಗುವ ಹೊತ್ತನ್ನು ಕಲಿಯುವವರ ಕೈಗೆ ಬಿಟ್ಟರೆ ಕಲಿಕೆ ಚೆನ್ನಾಗಿ ಆಗುತ್ತದೆ. ಹನ್ನೆರಡು ನಿಮಿಷದ ಒಂದೇ ವಿಡಿಯೊ ಬೇಡ. ಒಂದು ಹಂತಕ್ಕೆ ಒಂದು ಚಿಕ್ಕ ತುಣುಕು ಸಾಕು. ಅದು ತಾನೇ ಮತ್ತೆ ಮತ್ತೆ ಓಡುತ್ತಿರಲಿ. ಅಪ್ಪ 'ಮುಂದೆ' ಅನ್ನುವವರೆಗೆ ಅಲ್ಲೇ ನಿಂತಿರಲಿ.

ಇನ್ನೊಂದು ವಿಷಯವನ್ನೂ ಮೇಯರ್ ತೋರಿಸಿದ್ದಾರೆ. ಚಿತ್ರ ಓಡುತ್ತಿರುವಾಗ ದನಿಯಲ್ಲಿ ಹೇಳುವುದನ್ನೇ ಅಕ್ಷರಶಃ ಪರದೆ ಮೇಲೂ ಬರೆದರೆ ಕಣ್ಣು ಎರಡು ಕಡೆ ಹಂಚಿಹೋಗುತ್ತದೆ, ಕಲಿಕೆ ಕುಗ್ಗುತ್ತದೆ. ಜತೆಗೆ ಹಿನ್ನೆಲೆ ಸಂಗೀತ, ಕುಣಿಯುವ ಅಕ್ಷರ, ವಿಷಯಕ್ಕೆ ಸಂಬಂಧವಿಲ್ಲದ ಮಾತು, ಇವೆಲ್ಲ ಹೊಸಬರಿಗೆ ಭಾರ. ಅಡುಗೆ ವಿಡಿಯೊಗಳಲ್ಲಿ ಸಂಗೀತ ಹಾಕುವುದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ. ಬಾಣಲೆಯ ಸದ್ದೇ ಪಾಠ. ಅದರ ಮೇಲೆ ಸಂಗೀತ ಹೊದಿಸಿದರೆ ಪಾಠವೇ ಕೇಳಿಸುವುದಿಲ್ಲ. ಅಂದಹಾಗೆ, ಕಿವಿ ಕೇಳಿಸದವರಿಗೆ ಪರದೆಯ ಮೇಲೆ ಬರಹ ಬೇಕೇ ಬೇಕು. ಅದನ್ನು ಹಾಕುವ, ತೆಗೆಯುವ ಬಟನ್ ಕಣ್ಣಿಗೆ ಬೀಳುವ ಜಾಗದಲ್ಲಿರಲಿ.

ಸದ್ಯಕ್ಕೆ ನೀವು ಮಾಡಬಹುದಾದದ್ದು: ಅಪ್ಪನ ಜತೆ ಕೂತು ಒಂದು ವಿಡಿಯೊ ಪೂರ್ತಿ ನೋಡಿ. ಒಲೆ ಹಚ್ಚಬೇಡಿ. ಮುಗಿದ ಮೇಲೆ ಹಂತಗಳನ್ನು ಅವರ ಮಾತಿನಲ್ಲೇ, ಅವರ ಕೈಯಲ್ಲೇ ಒಂದು ಹಾಳೆಯಲ್ಲಿ ಬರೆಯಿಸಿ. ಅಡುಗೆ ಮಾಡುವಾಗ ಆ ಹಾಳೆ ಮುಂದಿರಲಿ. ಕೈ ಚಲನೆ ಮರೆತಾಗ ಮಾತ್ರ ವಿಡಿಯೊ ತೆರೆಯಲಿ.

ಪ್ರಶ್ನೆ: 'ಮಧ್ಯಮ ಉರಿಯಲ್ಲಿ ಐದು ನಿಮಿಷ' ಎಂದು ಆ್ಯಪ್ ಹೇಳುತ್ತದೆ. ಟೈಮರ್ ಕೂಡ ಇದೆ. ಹಾಗೇ ಮಾಡಿದರೂ ಒಂದು ದಿನ ಹಸಿ, ಒಂದು ದಿನ ಸೀದು ಹೋಗಿರುತ್ತದೆ. ತಪ್ಪು ನನ್ನದೋ ಆ್ಯಪ್‌ನದೋ?
(ಹಾಸ್ಟೆಲ್ ಬಿಟ್ಟು ಹೊಸದಾಗಿ ಮನೆ ಮಾಡಿರುವ ವಿದ್ಯಾರ್ಥಿ)

ಆ್ಯಪ್‌ನದು. ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ಅಡುಗೆ ಕಲಿಸುವವರು ಜಾಸ್ತಿ ಎಡವುವುದು ಇಲ್ಲೇ.

ಮಧ್ಯಮ ಉರಿ ಅನ್ನುವುದಕ್ಕೆ ಅಳತೆ ಇಲ್ಲ. ನಿಮ್ಮ ಒಲೆಯ ಮಧ್ಯಮ ಬೇರೆ, ನನ್ನ ಒಲೆಯದು ಬೇರೆ. ತೆಳು ಬಾಣಲೆ ಬೇಗ ಕಾಯುತ್ತದೆ, ದಪ್ಪ ತಳದ್ದು ನಿಧಾನ. ಒಂದು ಈರುಳ್ಳಿಯ ಬದಲು ಮೂರು ಹಾಕಿದರೆ ಹೊರಬರುವ ನೀರೂ ಜಾಸ್ತಿ, ಅದು ಆರಲು ಹೊತ್ತೂ ಜಾಸ್ತಿ. ಕುದಿಯುವ ನೀರು ಕೂಡ ಎಲ್ಲ ಕಡೆ ಒಂದೇ ಅಲ್ಲ. ಸಮುದ್ರ ಮಟ್ಟದಲ್ಲಿ 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಮೇಲೆ ಹೋದಂತೆ ಸುಮಾರು 300 ಮೀಟರ್‌ಗೆ ಒಂದು ಡಿಗ್ರಿಯಂತೆ ಇಳಿಯುತ್ತದೆ. ಎತ್ತರದ ಊರಿನಲ್ಲಿ ಮೊಟ್ಟೆ ಬೇಯಲು ಹೆಚ್ಚು ಹೊತ್ತು ಹಿಡಿಯುವುದು ಅದಕ್ಕೇ. ಇಷ್ಟೆಲ್ಲ ಬದಲಾಗುವಾಗ 'ಐದು ನಿಮಿಷ' ಅನ್ನುವುದು ಬರೀ ಅಂದಾಜು. ಹೊಸಬರು ಅದನ್ನೇ ಸತ್ಯ ಅಂದುಕೊಳ್ಳುತ್ತಾರೆ. ಕೈಕೊಟ್ಟಾಗ ತಮ್ಮನ್ನೇ ಬೈದುಕೊಳ್ಳುತ್ತಾರೆ. ನನಗೆ ನೋವಾಗುವುದು ಇಲ್ಲಿ.

ಹಂತ ಮುಗಿಯಿತು ಎಂದು ಹೇಳಬೇಕಾದ್ದು ಗುರುತು. ಗಡಿಯಾರ ಅದಕ್ಕೆ ಜತೆಗಾರ ಅಷ್ಟೆ. ಈರುಳ್ಳಿಯನ್ನೇ ನೋಡಿ. ಎಣ್ಣೆಗೆ ಹಾಕಿದ ಕೂಡಲೇ ಚುಂಯ್ ಅನ್ನುತ್ತದೆ. ಅದು ಈರುಳ್ಳಿಯ ನೀರು ಆವಿಯಾಗುವ ಸದ್ದು. ನೀರು ಇರುವಷ್ಟು ಹೊತ್ತು ಬಾಣಲೆಯೊಳಗಿನ ಈರುಳ್ಳಿಯ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಕಂದು ಬಣ್ಣ ಬೇಗ ಬರಲು ಸುಮಾರು 140 ಡಿಗ್ರಿ ದಾಟಬೇಕು. ಆ ಕಂದಾಗುವ ರಾಸಾಯನಿಕ ಕ್ರಿಯೆಯನ್ನು ಫ್ರಾನ್ಸಿನ ಲೂಯಿ ಕಮೀಲ್ ಮಯಾರ್ 1912ರಲ್ಲಿ ವಿವರಿಸಿದರು. ಅವರ ಹೆಸರೇ ಅದಕ್ಕಿದೆ. ಹಾಗಾಗಿ ಎಷ್ಟೋ ಹೊತ್ತು ಬಣ್ಣವೇ ಬರುವುದಿಲ್ಲ. ಹೊಸಬರಿಗೆ ಬೇಜಾರಾಗಿ ಉರಿ ಏರಿಸುತ್ತಾರೆ, ಇಲ್ಲವೇ ಫೋನ್ ನೋಡುತ್ತ ನಿಲ್ಲುತ್ತಾರೆ. ನೀರು ಆರಿದ ಗಳಿಗೆಯಲ್ಲಿ ಬಿಸಿ ಸರ್ರನೆ ಏರುತ್ತದೆ. ಅಂಚು ಕಂದಾಗಿ, ನೋಡನೋಡುತ್ತಲೇ ಕರಿಯಾಗುತ್ತದೆ.

ಈ ಒಂದು ಹಂತಕ್ಕೆ ಆ್ಯಪ್ ಏನು ಕೊಡಬೇಕು? ನಾನಾದರೆ ಹೀಗೆ ಕೊಡುತ್ತೇನೆ. ನಾಲ್ಕು ಫೋಟೊ ಪಕ್ಕಪಕ್ಕ: ಹಸಿ, ಬಾಡಿದ್ದು, ಹೊಂಬಣ್ಣ, ಸೀದದ್ದು. ಸೀದ ಫೋಟೊ ಬಿಡಲೇಬಾರದು. ಎಲ್ಲಿ ನಿಲ್ಲಿಸಬೇಕೆಂದು ಕಲಿಸುವುದೇ ಅದು. ಎರಡು ಸಣ್ಣ ಸದ್ದಿನ ತುಣುಕು: ನೀರು ತುಂಬಿರುವಾಗಿನ ಜೋರು ಸದ್ದು, ನೀರು ಆರಿದ ಮೇಲಿನ ಸಣ್ಣ ಚಟಪಟ. ಒಂದು ಸಾಲು ಬರಹ: 'ಹಸಿ ವಾಸನೆ ಹೋಗಿ ಸಿಹಿ ಘಮ ಬರುತ್ತದೆ.' ಮುಟ್ಟಿ ತಿಳಿಯುವವರಿಗೆ: 'ಸೌಟಿನ ಅಂಚಿನಿಂದ ಒತ್ತಿದರೆ ಮೆತ್ತಗೆ ಕತ್ತರಿಸುತ್ತದೆ.' ಕಣ್ಣು, ಕಿವಿ, ಮೂಗು, ಕೈ, ಎಲ್ಲಕ್ಕೂ ಒಂದೊಂದು ಗುರುತು ಸಿಕ್ಕಿತು ಅಲ್ವಾ? ಯಾರಿಗೆ ಯಾವುದು ಹತ್ತುತ್ತದೋ ಅದನ್ನು ಹಿಡಿದುಕೊಳ್ಳುತ್ತಾರೆ. ನಿಧಾನವಾಗಿ ನಾಲ್ಕನ್ನೂ ಕಲಿಯುತ್ತಾರೆ.

ಟೈಮರ್ ಬೇಡವೇ? ಬೇಕು. ಆದರೆ ಅದು 'ಆಯಿತು' ಎಂದು ಕೂಗಬಾರದು. 'ಈಗ ನೋಡಿ, ಅಂಚು ಬಣ್ಣ ತಿರುಗಿದೆಯಾ?' ಎಂದು ಕೇಳಬೇಕು. ಇಲ್ಲ ಎಂದರೆ ಇನ್ನೆರಡು ನಿಮಿಷ ಬಿಟ್ಟು ಮತ್ತೆ ಕೇಳಬೇಕು. ಹೀಗೆ ಕೆಲವು ಸಲ ಆದರೆ ನಿಮ್ಮ ಒಲೆಗೆ ಎಷ್ಟು ಹೊತ್ತು ಬೇಕು ಅನ್ನುವುದು ಆ್ಯಪ್‌ಗೂ ಗೊತ್ತಾಗುತ್ತದೆ, ನಿಮಗೂ ಗೊತ್ತಾಗುತ್ತದೆ.

ಒಂದು ಕಡೆ ಮಾತ್ರ ಗುರುತನ್ನು ನಂಬಬಾರದು. ಅದು ಆಹಾರ ಸುರಕ್ಷತೆ. ಕೋಳಿ, ಕೊಚ್ಚಿದ ಮಾಂಸ ಬೆಂದಿದೆಯೋ ಇಲ್ಲವೋ ಎನ್ನುವುದನ್ನು ಬಣ್ಣ ನೋಡಿ ಹೇಳಲಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಒಳಗಿನ ಬಿಸಿ 70 ಡಿಗ್ರಿ ಮುಟ್ಟಬೇಕು. ಬೇಯಿಸಿದ ಆಹಾರವನ್ನು 2 ಗಂಟೆಗಿಂತ ಹೆಚ್ಚು ಹೊರಗೆ ಇಡಬಾರದು. ಇಂಥ ಕಡೆ ಅಂಕಿ ಕೊಡಿ, ಥರ್ಮಾಮೀಟರ್ ಚುಚ್ಚುವ ಜಾಗ ಚಿತ್ರದಲ್ಲಿ ತೋರಿಸಿ. ಎಚ್ಚರಿಕೆಯ ಮಾತು ಆ ಹಂತಕ್ಕಿಂತ ಮುಂಚೆ ಬರಲಿ. 'ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬೇಡಿ, ಒಲೆ ಆರಿಸಿ ಮುಚ್ಚಳ ಮುಚ್ಚಿ' ಎನ್ನುವುದನ್ನು ಕೊನೆಯ ಪುಟದ ಸೂಚನೆಗಳಲ್ಲಿ ಹಾಕಿದರೆ ಏನು ಪ್ರಯೋಜನ?

ಪ್ರಶ್ನೆ: ಆರಂಭದಲ್ಲಿ ಎಷ್ಟು ರೆಸಿಪಿ ಇರಬೇಕು? ಸಾವಿರ ಇದ್ದರೆ ಜನ ಬರುತ್ತಾರೆ ಎಂದು ನಮ್ಮ ಹೂಡಿಕೆದಾರರು ಹೇಳುತ್ತಾರೆ.

ಇಪ್ಪತ್ತು ಸಾಕು. ಹೊಸಬರಿಗೆ ಸಾವಿರ ತೋರಿಸಿದರೆ ಆರಿಸುವುದರಲ್ಲೇ ಸುಸ್ತಾಗುತ್ತಾರೆ. ರುಚಿ ನೋಡಿ ಜೋಡಿಸಬೇಡಿ, ಕೌಶಲ ನೋಡಿ ಜೋಡಿಸಿ. ಮೊದಲು ನೀರಿನಲ್ಲಿ ಬೇಯಿಸುವುದು. ಮೊಟ್ಟೆ, ಆಲೂಗಡ್ಡೆ, ಅನ್ನ. ನೀರು ಒಂದು ಮಿತಿ ಮೀರಿ ಕಾಯುವುದಿಲ್ಲ, ಹಾಗಾಗಿ ಹೊಸಬರನ್ನು ಕಾಪಾಡುತ್ತದೆ. ಆಮೇಲೆ ಸಣ್ಣ ಉರಿಯಲ್ಲಿ ಬಾಡಿಸುವುದು. ಆಮೇಲೆ ಹುರಿಯುವುದು. ಕರಿಯುವುದು ಎಲ್ಲಕ್ಕಿಂತ ಕೊನೆಗೆ. ಒಂದೊಂದು ಹೊಸ ಅಡುಗೆಯಲ್ಲೂ ಹೊಸ ಕೌಶಲ ಒಂದೇ ಇರಲಿ, ಉಳಿದದ್ದು ಹಳೆಯದೇ ಆಗಿರಲಿ.

ಪ್ರಶ್ನೆ: ನನಗೆ ಕಣ್ಣು ಕಾಣುವುದಿಲ್ಲ. ಒಬ್ಬಳೇ ಇರುತ್ತೇನೆ, ಅಡುಗೆ ಕಲಿಯುತ್ತಿದ್ದೇನೆ. ಆ್ಯಪ್‌ಗಳಲ್ಲಿ 'ಚಿತ್ರದಲ್ಲಿ ತೋರಿಸಿದಂತೆ ಮಾಡಿ' ಎಂದು ಬರುತ್ತದೆ. ಆ ಚಿತ್ರಕ್ಕೆ ವಿವರಣೆಯೇ ಇರುವುದಿಲ್ಲ. ಆ್ಯಪ್ ಮಾಡುವವರಿಗೆ ಏನು ಹೇಳುತ್ತೀರಿ?

ನಿಮ್ಮ ಪತ್ರವನ್ನು ಎಲ್ಲ ವಿನ್ಯಾಸಕಾರರೂ ಓದಬೇಕು. 'ಚಿತ್ರದಲ್ಲಿ ತೋರಿಸಿದಂತೆ' ಎನ್ನುವ ಮಾತನ್ನು ಅಡುಗೆ ಆ್ಯಪ್‌ಗಳಿಂದ ತೆಗೆದೇ ಹಾಕಬೇಕು. ಮಾಡುವವರಿಗೆ ಸೋಮಾರಿತನಕ್ಕೆ ದಾರಿ ಅದು.

ಮಾಡುವವರಿಗೆ ನಾನು ಹೇಳುವುದು ಇಷ್ಟು. ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್, ಐಫೋನ್‌ನ ವಾಯ್ಸ್‌ಓವರ್ ಪರದೆಯಲ್ಲಿರುವುದನ್ನು ಓದಿ ಹೇಳುತ್ತವೆ. ಆದರೆ ಬಟನ್‌ಗೆ ಹೆಸರು, ಚಿತ್ರಕ್ಕೆ ವಿವರಣೆ ಕೊಡುವ ಕೆಲಸ ನಿಮ್ಮದು. ವಿವರಣೆಯಲ್ಲಿ 'ಬಾಣಲೆಯ ಫೋಟೊ' ಎಂದು ಬರೆದು ಕೈ ತೊಳೆದುಕೊಳ್ಳಬೇಡಿ. 'ಹೋಳುಗಳು ಬೆರಳ ತುದಿಯಷ್ಟು ದೊಡ್ಡವು, ಬಾಣಲೆಯ ತಳ ಪೂರ್ತಿ ಮುಚ್ಚಿವೆ, ಒಂದರ ಮೇಲೊಂದು ಇಲ್ಲ' ಎಂದು ಬರೆಯಿರಿ. ಬೆರಳ ತುದಿ, ಅಂಗೈ, ಮುಷ್ಟಿ, ಇವು ಎಲ್ಲರ ಬಳಿಯೂ ಇರುವ ಅಳತೆ. ಅಳೆಯುವಾಗ ನೋಡಿ ಸುರಿಯುವ ಬದಲು ಚಮಚವನ್ನು ಅದ್ದಿ ತೆಗೆಯುವ ವಿಧಾನ ಹೇಳಿ. ಸದ್ದು, ವಾಸನೆಯ ಗುರುತುಗಳನ್ನು 'ಮಧ್ಯಮ ಉರಿ'ಯ ಪ್ರಶ್ನೆಗೆ ಕೊಟ್ಟ ಉತ್ತರದಲ್ಲೇ ಬರೆದಿದ್ದೇನೆ.

ದನಿಯ ವಿಚಾರ. ಅಡುಗೆಮನೆಯಲ್ಲಿ ಫ್ಯಾನ್, ನಲ್ಲಿ, ಒಲೆಯ ಸದ್ದು ಇರುತ್ತದೆ. 'ಮುಂದೆ', 'ಮತ್ತೆ ಹೇಳು', 'ಎಷ್ಟು ಉಪ್ಪು?' ಇಂಥ ಚಿಕ್ಕ ಮಾತುಗಳಿಗೆ ಆ್ಯಪ್ ಕಿವಿಗೊಟ್ಟರೆ ಸಾಕು. ಮೂರನೆಯದಂತೂ ಬಹಳ ಮುಖ್ಯ. ಉಪ್ಪು ಎಷ್ಟು ಅಂತ ತಿಳಿಯಲು ಮೊದಲಿನಿಂದ ಎಲ್ಲ ಕೇಳಿಸಿಕೊಳ್ಳಬೇಕಾದರೆ ಯಾರಿಗೆ ತಾಳ್ಮೆ ಇರುತ್ತದೆ? ಅಳತೆಯನ್ನು ಪಟ್ಟಿಯಲ್ಲೂ ಹೇಳಿ, ಹಾಕುವ ಹಂತದಲ್ಲೂ ಮತ್ತೆ ಹೇಳಿ. ಕಣ್ಣು ಕಾಣುವವರಿಗೂ ಇದರಿಂದ ಮೇಲೆ ಕೆಳಗೆ ಸರಿಸುವ ಕಷ್ಟ ತಪ್ಪುತ್ತದೆ.

ಪ್ರಶ್ನೆ: ಗಮನ ಒಂದೇ ಕಡೆ ನಿಲ್ಲದ ಸಮಸ್ಯೆ ನನಗಿದೆ. ಅಡುಗೆ ನಡುವೆ ಫೋನ್ ಪರದೆ ಆರಿಹೋಗುತ್ತದೆ, ಹಿಟ್ಟಿನ ಕೈಯಲ್ಲಿ ತೆರೆಯಲಾಗುವುದಿಲ್ಲ, ತೆರೆದರೆ ಎಲ್ಲಿದ್ದೆ ಎಂದು ಗೊತ್ತಾಗುವುದಿಲ್ಲ. ಉಪ್ಪು ಹಾಕಿದ್ದೆನೋ ಇಲ್ಲವೋ ಎಂದೂ ನೆನಪಿರುವುದಿಲ್ಲ.

ಗಮನದ ಸಮಸ್ಯೆ ಇಲ್ಲದವರಿಗೂ ಹೀಗೇ ಆಗುತ್ತದೆ. ಆ್ಯಪ್ ಮಾಡುವವರು ಮನಸ್ಸು ಮಾಡಿದರೆ ಇದಕ್ಕೆ ಪರಿಹಾರ ಸುಲಭ. ಅಡುಗೆ ನಡೆಯುವಷ್ಟು ಹೊತ್ತು ಪರದೆ ಆರದಂತೆ ಇಡಬಹುದು. ಒಂದು ಪರದೆಗೆ ಒಂದೇ ಹಂತ ತೋರಿಸಬಹುದು. ಹಾಕಿದ ಪದಾರ್ಥವನ್ನು ಮುಟ್ಟಿದರೆ ಅದು ಮಸುಕಾಗಬಹುದು. ಆಗ ಉಪ್ಪಿನ ಪ್ರಶ್ನೆಯೇ ಬರುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಬಟನ್‌ಗೆ ಕನಿಷ್ಠ 48 ಡಿಪಿ (ಪರದೆಯ ಮೇಲಿನ ಅಳತೆಯ ಮಾನ) ಅಳತೆ ಇರಲಿ ಎಂಬ ಸೂಚನೆ ಇದೆ. ಅಂದರೆ ಸುಮಾರು 9 ಮಿಲಿಮೀಟರ್. ಒಲೆ ಮುಂದೆ ಅದು ಸಾಲದು. ಒದ್ದೆ ಕೈಯ ಗೆಣ್ಣಿನಲ್ಲಿ ಮುಟ್ಟಿದರೂ ತಗಲುವಂತೆ, ಪರದೆಯ ಕೆಳಭಾಗ ಪೂರ್ತಿ 'ಮುಂದೆ' ಬಟನ್ ಆಗಲಿ.

ಎರಡು ಟೈಮರ್ ಒಟ್ಟಿಗೆ ಓಡುವಾಗ 'ಟೈಮರ್ 1', 'ಟೈಮರ್ 2' ಎಂದು ತೋರಿಸುವುದು ನಿಮ್ಮಂಥವರಿಗೆ ಕಿರುಕುಳ. 'ಅನ್ನ', 'ಮೊಟ್ಟೆ' ಎಂದು ಹೆಸರಿರಲಿ. ಬರೀ ಬೀಪ್ ಬೇಡ. 'ಮೊಟ್ಟೆ ನೋಡಿ' ಎಂದು ದನಿಯೇ ಹೇಳಲಿ.

ನೀವು ಇವತ್ತೇ ಮಾಡಬಹುದಾದ ಒಂದು ಕೆಲಸ ಇದೆ. ಒಲೆ ಹಚ್ಚುವ ಮುಂಚೆ ಎಲ್ಲ ಪದಾರ್ಥ ಅಳೆದು, ಚಿಕ್ಕ ಬಟ್ಟಲುಗಳಲ್ಲಿ ಹಾಕುವ ಕ್ರಮದಲ್ಲೇ ಸಾಲಾಗಿ ಇಡಿ. ಬಟ್ಟಲು ಖಾಲಿ ಇದ್ದರೆ ಹಾಕಿದ್ದೀರಿ ಎಂದರ್ಥ.

ಪ್ರಶ್ನೆ: ಕಪ್ ಮತ್ತು ಚಮಚದ ಅಳತೆ ಕೊಡಬೇಕೋ, ಗ್ರಾಂನಲ್ಲೋ?

ಎರಡೂ ಕೊಡಿ, ಗ್ರಾಂ ಮೊದಲು. ಚಮಚವನ್ನು ಗೋಪುರ ಮಾಡದೆ ಸಮಮಟ್ಟವಾಗಿ ತುಂಬಿ ಅಳೆಯಬೇಕು ಎಂದು ಅಮೆರಿಕದ ಫ್ಯಾನಿ ಫಾರ್ಮರ್ 1896ರ ತಮ್ಮ ಅಡುಗೆ ಪುಸ್ತಕದಲ್ಲಿ ಒತ್ತಿ ಹೇಳಿದರು. ಹೊಸಬರಿಗೆ ಅದು ದೊಡ್ಡ ಉಪಕಾರ. ಆದರೂ ಕಪ್ ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದ ಕಪ್ ಸುಮಾರು 237 ಮಿಲಿಲೀಟರ್, ಮೆಟ್ರಿಕ್ ಕಪ್ 250. ದೊಡ್ಡ ಚಮಚ ಬಹಳ ಕಡೆ 15 ಮಿಲಿಲೀಟರ್, ಆಸ್ಟ್ರೇಲಿಯಾದಲ್ಲಿ 20. ಹಿಟ್ಟನ್ನು ಒತ್ತಿ ತುಂಬಿದರೆ ಒಂದು ತೂಕ, ಸಡಿಲವಾಗಿ ತುಂಬಿದರೆ ಇನ್ನೊಂದು. ಉಪ್ಪಿಗೆ, ಎಣ್ಣೆಗೆ ಚಮಚ ಪರವಾಗಿಲ್ಲ. ಹಿಟ್ಟಿಗೆ ತೂಕವೇ ಸರಿ.

ಪ್ರಶ್ನೆ: ಪ್ರತಿದಿನ ಅಡುಗೆ ಮಾಡಿದವರಿಗೆ ಪಾಯಿಂಟ್, ಪದಕ, 'ಸತತ ಏಳು ದಿನ' ಎಂಬ ಗುರುತು ಕೊಟ್ಟರೆ ಕಲಿಕೆ ಹೆಚ್ಚುತ್ತದೆಯೇ?

ಆ್ಯಪ್ ತೆರೆಯುವುದು ಹೆಚ್ಚಬಹುದು. ಕಲಿಕೆ ಹೆಚ್ಚುತ್ತದೆ ಎಂಬ ನಂಬಿಕೆ ನನಗಿಲ್ಲ. ಹುಷಾರಿಲ್ಲದೆ ಒಂದು ದಿನ ತಪ್ಪಿದವರ ಸಾಲು ಮುರಿದುಹೋಗುತ್ತದೆ, ಜತೆಗೆ ಮನಸ್ಸೂ ಮುರಿಯುತ್ತದೆ. ಅಡುಗೆ ಮೊದಲೇ ಅಂಜಿಕೆಯ ಕೆಲಸ. ಅದರ ಮೇಲೆ ಇನ್ನೊಂದು ಸೋಲನ್ನು ಯಾಕೆ ಹೇರಬೇಕು?

ಅದರ ಬದಲು ಇದನ್ನು ಮಾಡಿ ನೋಡಿ. ಒಂದೇ ಅಡುಗೆಯನ್ನು ಎರಡನೇ ಸಲ ಮಾಡುವಾಗ ವಿವರ ಸ್ವಲ್ಪ ಕಡಿಮೆ ತೋರಿಸಿ. ಮೂರನೇ ಸಲ ಹಂತಗಳ ಹೆಸರು ಮಾತ್ರ ಇರಲಿ. 'ಇದಾದ ಮೇಲೆ ಏನು?' ಎಂದು ಮೊದಲು ಅವರನ್ನೇ ಕೇಳಿ. ಮುಟ್ಟಿದರೆ ಉತ್ತರ ತೆರೆದುಕೊಳ್ಳಲಿ. ಮನಃಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ವಿದ್ಯಾರ್ಥಿಗಳಲ್ಲಿ ಕೆಲವರು ಪಾಠವನ್ನು ಮತ್ತೆ ಮತ್ತೆ ಓದಿದರು. ಕೆಲವರು ಓದಿ, ಪುಸ್ತಕ ಮುಚ್ಚಿ ನೆನಪು ಮಾಡಿಕೊಂಡರು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ನೆನಪು ಮಾಡಿಕೊಂಡವರು ಮುಂದಾದರು. ನೆನಪಿನಿಂದ ಎಳೆದು ತೆಗೆದದ್ದು ಗಟ್ಟಿಯಾಗಿ ಉಳಿಯುತ್ತದೆ.

ಇನ್ನೂ ಒಂದು ಕಾರಣವಿದೆ. ಹೊಸಬರಿಗೆ ನೆರವಾಗುವ ವಿವರವೇ ಪಳಗಿದವರಿಗೆ ತೊಡಕಾಗುತ್ತದೆ ಎಂದು ಕಲಿಕೆಯ ಸಂಶೋಧಕರು ತೋರಿಸಿದ್ದಾರೆ. ಆ್ಯಪ್ ಕೊನೆಯವರೆಗೂ ಒಂದೇ ರೀತಿ ಮಾತಾಡುತ್ತಿದ್ದರೆ, ಅದು ಕಲಿಸುತ್ತಿಲ್ಲ, ಕೈ ಹಿಡಿದು ಎಳೆಯುತ್ತಿದೆ ಅಷ್ಟೆ. ಒಬ್ಬರು ಆರು ತಿಂಗಳ ನಂತರ ಆ್ಯಪ್ ತೆರೆಯುವುದನ್ನೇ ಬಿಟ್ಟು ಧೈರ್ಯವಾಗಿ ಅಡುಗೆ ಮಾಡುತ್ತಿದ್ದರೆ, ನನ್ನ ಲೆಕ್ಕದಲ್ಲಿ ಆ ಆ್ಯಪ್ ಗೆದ್ದಿದೆ. ಹೂಡಿಕೆದಾರರಿಗೆ ಈ ಮಾತು ರುಚಿಸದಿರಬಹುದು. ಆದರೂ ನಾನು ಇದನ್ನೇ ಹೇಳುತ್ತೇನೆ.

ಪ್ರಶ್ನೆ: ನಮ್ಮ ಆ್ಯಪ್ ತಯಾರಾಗಿದೆ. ಬಿಡುಗಡೆಗೆ ಮುಂಚೆ ಪರೀಕ್ಷಿಸುವುದು ಹೇಗೆ? ಕಚೇರಿಯಲ್ಲಿ ಎಲ್ಲರಿಗೂ ಇಷ್ಟವಾಯಿತು.

ಕಚೇರಿಯಲ್ಲಿ ಇಷ್ಟವಾಗುವುದು ಸಹಜ. ಅಲ್ಲಿ ಕೈ ಒಣಗಿರುತ್ತದೆ, ಯಾವುದೂ ಉಕ್ಕುತ್ತಿರುವುದಿಲ್ಲ.

ಅಡುಗೆ ಬಾರದ ಐದು ಜನರನ್ನು ಹುಡುಕಿ. ಬಳಕೆಯ ತೊಡಕುಗಳಲ್ಲಿ ಬಹುಪಾಲು ಐದು ಜನರಿಂದಲೇ ಗೊತ್ತಾಗುತ್ತವೆ ಎಂದು ಬಳಕೆಯ ಪರೀಕ್ಷೆಯಲ್ಲಿ ಪಳಗಿದ ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ ಬರೆದಿದ್ದರು. ಬಳಸುವವರ ಗುಂಪುಗಳು ತೀರಾ ಬೇರೆ ಬೇರೆ ಆಗಿದ್ದರೆ ಪ್ರತಿ ಗುಂಪಿನಿಂದಲೂ ಕೆಲವರು ಬೇಕು ಎಂದೂ ಅವರೇ ಹೇಳಿದ್ದಾರೆ. ನಿಮ್ಮ ವಿಷಯದಲ್ಲಿ ಗುಂಪು ಅಂದರೆ ವಯಸ್ಸಾದವರು, ಕಣ್ಣು ಕಾಣದವರು, ಕಿವಿ ಕೇಳಿಸದವರು, ಓದುವುದು ನಿಧಾನವಾದವರು, ಮಕ್ಕಳು. 'ನೋಡಿ ಕಲಿಯುವವರ ಗುಂಪು, ಕೇಳಿ ಕಲಿಯುವವರ ಗುಂಪು' ಎಂದು ಮತ್ತೆ ಅಲ್ಲಿಗೇ ಹೋಗಬೇಡಿ.

ಅವರ ಅಡುಗೆಮನೆಗೆ ನೀವೇ ಹೋಗಿ. ಅವರ ಒಲೆ, ಅವರ ಬಾಣಲೆ, ಅವರ ಫೋನ್. ನೀವು ಮೂಲೆಯಲ್ಲಿ ನಿಂತು ಸುಮ್ನೆ ನೋಡಿ. ಅಪಾಯ ಅನಿಸಿದರೆ ಮಾತ್ರ ಬಾಯಿ ಬಿಡಿ. ಎಲ್ಲಿ ಕೈ ನಿಂತಿತು, ಎಲ್ಲಿ ಫೋನ್ ಕಡೆ ಎರಡನೇ ಸಲ ತಿರುಗಿದರು, ಎಲ್ಲಿ 'ಅಯ್ಯೋ' ಅಂದರು ಎಂದು ಬರೆದುಕೊಳ್ಳಿ. ಆ್ಯಪ್ ಹೇಗಿತ್ತು ಎಂದು ಕೇಳಬೇಡಿ. ಎದುರಿಗೆ ಇರುವವರಿಗೆ ಬೇಜಾರಾಗದಿರಲಿ ಎಂದು ಎಲ್ಲರೂ 'ಚೆನ್ನಾಗಿದೆ' ಅನ್ನುತ್ತಾರೆ. ಒಂದು ವಾರ ಬಿಟ್ಟು ಮತ್ತೆ ಹೋಗಿ. ಅದೇ ಅಡುಗೆಯನ್ನು ಫೋನ್ ಮುಟ್ಟದೆ ಮಾಡಲು ಹೇಳಿ. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೋ ಆ ಹಂತವನ್ನು ನೀವು ಇನ್ನೂ ಕಲಿಸಿಲ್ಲ. ಬಿಡುಗಡೆಯ ದಿನಾಂಕ ಮುಂದೆ ಹೋದರೂ ಸರಿ, ಆ ಹಂತಗಳನ್ನು ಮತ್ತೆ ಬರೆಯಿರಿ.